ಮಗುವಿನ ಮನದಲ್ಲಿ ದಯೆ ಬೇರೂರುವ ಬಗೆ

ಎರಡು ತಿಂಗಳ ಹಿಂದೆ ಈ ಅಂಕಣದ ವಿಳಾಸಕ್ಕೆ ಸಹೋದರಿಯೊಬ್ಬರ ಪತ್ರ ಬಂದಿತು. ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಅವರು ಕೋರಿರುವುದರಿಂದ ವಿಷಯವನ್ನಷ್ಟೇ ಓದುಗ ಬಂಧುಗಳ ಮುಂದಿಡುತ್ತೇನೆ.

ಆ ಸಹೋದರಿಯ ಪತಿ ಮತ್ತು ಮೈದುನ ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಆ ಮನೆಯಲ್ಲಿ ತಿನ್ನುವ ರೊಟ್ಟಿಗೆ ಲೆಕ್ಕವಿತ್ತು, ಬೀಳುವ ಏಟಿಗೆ ಲೆಕ್ಕವಿರಲಿಲ್ಲ. ಇಂದು ಅಣ್ಣ ತಮ್ಮಂದಿರಿಬ್ಬರೂ ಉದ್ಯೋಗಸ್ಥರು, ಗೌರವಸ್ಥರು. ಪತಿ ದುಶ್ಚಟಗಳಿಲ್ಲದ, ಎರಡು ಹೊತ್ತು ತಪ್ಪದೆ ಲಿಂಗಪೂಜೆ ಮಾಡುವ ಗೃಹಸ್ಥ. ಆದರೆ ಏಳು ವರುಷದ ಮಗ ಅತ್ತರೆ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಾರೆ. ಅಳುವನ್ನು ಕೇಳಿದೊಡನೆ ಕೈ ಎತ್ತುತ್ತಾರೆ. ತಡೆಯಲು ಹೋದರೆ, "ನಾನು ಇದರ ಹತ್ತು ಪಾಲು ತಿಂದು ಬೆಳೆದೆ, ಅದರಿಂದಲೇ ಮನುಷ್ಯನಾದೆ" ಎನ್ನುತ್ತಾರೆ. ಮೈದುನನದು ಇನ್ನೊಂದು ತೆರನ ಕಥೆ. ಯಾರ ಮಗು ಅತ್ತರೂ ಆತನಿಗೆ ತಡೆಯದು. ಸಂಬಳದ ಬಹುಪಾಲು ಪರರ ಮಕ್ಕಳ ಶುಲ್ಕಕ್ಕೆ ಹೋಗುತ್ತದೆ. ಬಂಧುಗಳಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಈತ ಹಾಸಿಗೆ ಹಿಡಿಯುತ್ತಾನೆ. "ಒಂದೇ ಮನೆ, ಒಂದೇ ಅನ್ನ, ಒಂದೇ ಏಟು. ಒಬ್ಬರು ಕಲ್ಲಾದರು, ಒಬ್ಬರು ಬೆಣ್ಣೆಯಾದರು. ಇದನ್ನು ಕರ್ಮವೆನ್ನಬೇಕೆ? ನನ್ನ ಮಗ ಯಾರಂತಾಗುವನೋ ಎಂಬ ಭಯ ನನ್ನನ್ನು ಕಾಡುತ್ತಿದೆ" ಎಂದು ಆ ತಾಯಿ ಬರೆದಿದ್ದಾರೆ.

ಕರ್ಮವೆಂದು ಕೈತೊಳೆದುಕೊಳ್ಳುವುದು ಶರಣಧರ್ಮದ ಮಾರ್ಗವಲ್ಲ. ಹುಟ್ಟಿನಿಂದಲೇ ಮನುಷ್ಯನ ಯೋಗ್ಯತೆ ನಿರ್ಧಾರವಾಗಿಬಿಡುತ್ತದೆಂಬ ಮಾತನ್ನು ಒಪ್ಪದವರ ಪರಂಪರೆ ನಮ್ಮದು. ಆದುದರಿಂದ ಈ ತಾಯಿಯ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸೋಣ. ಕಷ್ಟ ಕಂಡವನಿಗೆ ಕಷ್ಟದ ಅರಿವಿರುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ಪೆಟ್ಟು ತಿಂದವನೇ ಪೆಟ್ಟು ಕೊಡುತ್ತಾನೆಂದೂ ಅವರೇ ಹೇಳುತ್ತಾರೆ. ಎರಡೂ ನಮ್ಮ ಕಣ್ಣೆದುರಿನ ಸತ್ಯಗಳೇ. ಹಾಗಾದರೆ ಯಾವ ಕಷ್ಟ ಮನಸ್ಸನ್ನು ಹದಗೊಳಿಸುತ್ತದೆ, ಯಾವ ಕಷ್ಟ ಸುಟ್ಟುಹಾಕುತ್ತದೆ?

ಮೊದಲು ಕಹಿಯಾದ ಸಂಗತಿಯನ್ನೇ ಹೇಳಿಬಿಡುವುದು ಲೇಸು. ಅಮೆರಿಕೆಯ ಮೇರಿ ಮೇನ್ ಮತ್ತು ಕೆರೊಲ್ ಜಾರ್ಜ್ ಎಂಬ ಇಬ್ಬರು ವಿದುಷಿಯರು 1985ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಬಡ ಕುಟುಂಬಗಳಿಂದ ಶಿಶುವಿಹಾರಕ್ಕೆ ಬರುತ್ತಿದ್ದ ಒಂದರಿಂದ ಮೂರು ವರುಷದೊಳಗಿನ ಪುಟ್ಟ ಮಕ್ಕಳನ್ನು ಅವರು ಗಮನಿಸಿದರು. ಆ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮನೆಯಲ್ಲಿ ಏಟು ತಿನ್ನುತ್ತಿದ್ದವರು, ಇನ್ನರ್ಧ ಹಾಗಲ್ಲದವರು. ಜೊತೆಯ ಮಗುವೊಂದು ಬಿದ್ದು ಅತ್ತಾಗ ಇವರು ಏನು ಮಾಡುತ್ತಾರೆಂಬುದೇ ಪರೀಕ್ಷೆ. ಏಟು ತಿನ್ನದ ಮಕ್ಕಳಲ್ಲಿ ಹಲವರು ಹತ್ತಿರ ಹೋಗಿ ಮೈ ಸವರಿದರು, ಇಲ್ಲವೆ ಮುಖ ಬಾಡಿಸಿ ನೋಡುತ್ತ ನಿಂತರು. ಏಟು ತಿಂದ ಮಕ್ಕಳಲ್ಲಿ ಒಂದು ಕೂಡ ಹಾಗೆ ಕಾಳಜಿ ತೋರಲಿಲ್ಲ. ಕೆಲವು ಹೆದರಿದವು, ಕೆಲವು ಸಿಟ್ಟಾದವು, ಇನ್ನು ಕೆಲವು ಅಳುವ ಮಗುವಿನ ಮೇಲೆಯೇ ಕೈಮಾಡಿದವು.

ಮೇಲಿನ ಪತ್ರದಲ್ಲಿರುವ ತಂದೆ ಅಳುವನ್ನು ಕೇಳಿದೊಡನೆ ಕೈ ಎತ್ತುತ್ತಾರೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಆ ಮಕ್ಕಳು ದುಷ್ಟರಾಗಿ ಹುಟ್ಟಿದವರಲ್ಲ. ಅಳು ಎಂದರೆ ಅವರ ಪಾಲಿಗೆ ಮುಂದೆ ಬರಲಿರುವ ಏಟಿನ ಮುನ್ಸೂಚನೆ. ತಮ್ಮದೇ ಭಯದಲ್ಲಿ ಮುಳುಗಿದ ಮಗುವಿಗೆ ಇನ್ನೊಂದು ಮಗುವಿನ ನೋವಿಗೆ ಎಡೆ ಕೊಡಲು ಮನಸ್ಸಿನಲ್ಲಿ ಸ್ಥಳವೇ ಉಳಿದಿರುವುದಿಲ್ಲ.

ಆದರೆ ಇಷ್ಟಕ್ಕೇ ನಿಂತರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. 2018ರಲ್ಲಿ ಡೇವಿಡ್ ಗ್ರೀನ್‌ಬರ್ಗ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬಾಲ್ಯದಲ್ಲಿ ತೀವ್ರ ಆಘಾತವನ್ನು ಅನುಭವಿಸಿದೆವೆಂದು ಹೇಳಿಕೊಂಡ ವಯಸ್ಕರಲ್ಲಿ ಸರಾಸರಿಯಾಗಿ ಪರರ ನೋವಿಗೆ ಮಿಡಿಯುವ ಗುಣ ಹೆಚ್ಚಾಗಿಯೇ ಕಂಡುಬಂದಿತು. ಇದು ಪ್ರಶ್ನಾವಳಿಗೆ ಅವರವರೇ ಬರೆದುಕೊಟ್ಟ ಉತ್ತರಗಳನ್ನು ಆಧರಿಸಿದ್ದು. ತನ್ನ ಹೃದಯ ಮೃದುವೆಂದು ಹೇಳಿಕೊಳ್ಳುವವರೆಲ್ಲರ ಹೃದಯವೂ ಮೃದುವೇ ಎಂದು ಕೇಳಬಹುದು, ಕೇಳಬೇಕು ಕೂಡ. ಆದರೂ ನಮ್ಮ ನಡುವೆ ಕಾಣುವ ಎಷ್ಟೋ ಜನರ ಬದುಕು ಇದಕ್ಕೆ ಸಾಕ್ಷಿ ನುಡಿಯುವುದರಿಂದ ಅದನ್ನು ತಳ್ಳಿಹಾಕಲಾಗದು.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ನೋಡಬೇಕು. ಪರರ ಮುಖವನ್ನು ಓದುವ ಶಕ್ತಿ ಒಂದು, ಓದಿದ ನೋವಿಗೆ ಕರಗುವುದು ಇನ್ನೊಂದು, ಕರಗಿದ ಮೇಲೆಯೂ ಸ್ಥಿರವಾಗಿ ನಿಂತು ನೆರವಾಗುವುದು ಮತ್ತೊಂದು. ಮದ್ಯವ್ಯಸನಿಯಾದ ತಂದೆಯಿರುವ ಮನೆಯ ಮಕ್ಕಳನ್ನು ನೋಡಿ. ಅಂಗಳದ ಹೆಜ್ಜೆಯ ಸಪ್ಪಳದಿಂದಲೇ ಆ ದಿನದ ಹವೆಯನ್ನು ಅವರು ತಿಳಿಯಬಲ್ಲರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲ್ಲಾಕ್ ಎಂಬವರು 2002ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ತೋರಿಸಿಕೊಟ್ಟದ್ದು ಇದನ್ನೇ. ಮುಸುಕಾದ ಚಿತ್ರವೊಂದು ಮೆಲ್ಲಮೆಲ್ಲನೆ ಸ್ಪಷ್ಟವಾಗುತ್ತ ಹೋದಾಗ, ಏಟು ತಿಂದು ಬೆಳೆದ ಮಕ್ಕಳು ಅದರಲ್ಲಿನ ಕೋಪದ ಮುಖವನ್ನು ಉಳಿದ ಮಕ್ಕಳಿಗಿಂತ ಮೊದಲೇ ಗುರುತಿಸಿದರು. ಇದು ದಯೆಯಲ್ಲ, ಎಚ್ಚರ. ಬೇಟೆಯ ಪ್ರಾಣಿಗೆ ಇರುವ ಎಚ್ಚರ. ಈ ಶಕ್ತಿ ಮುಂದೆ ವೈದ್ಯನ ಕೈಯಲ್ಲಿಯೂ ನಿಲ್ಲಬಹುದು, ವಂಚಕನ ಕೈಯಲ್ಲಿಯೂ ನಿಲ್ಲಬಹುದು.

ಪತ್ರದಲ್ಲಿರುವ ಮೈದುನ ಕರಗುವುದರಲ್ಲಿ ಮುಂದೆ, ನಿಲ್ಲುವುದರಲ್ಲಿ ಹಿಂದೆ. ಬಂಧುವಿನ ರೋಗದ ಸುದ್ದಿ ಕೇಳಿ ತಾನೇ ಹಾಸಿಗೆ ಹಿಡಿದರೆ ರೋಗಿಗೆ ಗಂಜಿ ಕಾಯಿಸುವವರು ಯಾರು? ಅವರನ್ನು ಹೀಗಳೆಯಲು ಈ ಮಾತನ್ನು ಹೇಳುತ್ತಿಲ್ಲ. ಮನೆಯವರು ಅವರನ್ನು ದೇವರಂಥ ಮನುಷ್ಯನೆಂದು ಹೊಗಳಿ ಸುಮ್ಮನಾಗುತ್ತಾರೆ. ಆ ಅತಿಯಾದ ಮಿಡಿತದ ಹಿಂದೆ ವಾಸಿಯಾಗದ ಗಾಯವಿರಬಹುದೆಂದು ಯಾರೂ ಯೋಚಿಸುವುದಿಲ್ಲ. ಅವರಿಗೂ ಆರೈಕೆ ಬೇಕು.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಆ ದೀರ್ಘ ಪತ್ರದ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುವ ಭರದಲ್ಲಿ, ಒಂದು ವಾಕ್ಯ ನುಸುಳಿದೆ. ಮೈದುನನು ಚಿಕ್ಕವನಿದ್ದಾಗ ಏಟು ಬಿದ್ದ ದಿನ ಓಡಿಹೋಗಿ ಪಕ್ಕದ ಮನೆಯ ಅಜ್ಜಿಯೊಬ್ಬರ ಹಿಂದೆ ಅಡಗಿಕೊಳ್ಳುತ್ತಿದ್ದನಂತೆ. ಆಕೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟು ಮಲಗಿಸಿಕೊಳ್ಳುತ್ತಿದ್ದಳಂತೆ. ಅಣ್ಣ ಎಲ್ಲಿಗೆ ಹೋಗುತ್ತಿದ್ದರು? ಪತ್ರದಲ್ಲಿ ಅದು ಇಲ್ಲ.

ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳ ಬಾಲ್ಯ ಬಡತನ, ಮನೆಯ ಜಗಳ, ತಂದೆತಾಯಿಯರ ವ್ಯಸನ, ಮನೋರೋಗ ಮುಂತಾದವುಗಳಿಂದ ಕೂಡಿತ್ತು. ಹೀಗೆ ಕಷ್ಟಕ್ಕೆ ಸಿಲುಕಿದ ಮಕ್ಕಳಲ್ಲಿ ಮತ್ತೆ ಮೂರನೆಯ ಒಂದು ಪಾಲು ಮಂದಿ ಸಮರ್ಥರೂ ಪರರ ಬಗ್ಗೆ ಕಾಳಜಿಯುಳ್ಳವರೂ ಆಗಿ ಬೆಳೆದರು. ಅವರ ಬಾಲ್ಯವನ್ನು ಕೆದಕಿದಾಗ ಮತ್ತೆ ಮತ್ತೆ ಕಂಡದ್ದು, ಎಲ್ಲಿಯೋ ಒಬ್ಬ ಅಜ್ಜಿ, ಒಬ್ಬ ಚಿಕ್ಕಪ್ಪ, ಒಬ್ಬ ಶಿಕ್ಷಕ. ಮಗುವನ್ನು ಮನಸಾರೆ ಒಪ್ಪಿಕೊಂಡ ಒಂದೇ ಒಂದು ಜೀವ. ಇನ್ನೊಂದು ಸಂಗತಿಯೂ ಕಂಡಿತು. ಆ ಮಕ್ಕಳಲ್ಲಿ ಅನೇಕರು ಚಿಕ್ಕಂದಿನಲ್ಲಿ ತಮ್ಮ ಕಿರಿಯರನ್ನು ನೋಡಿಕೊಳ್ಳುವ, ಮನೆಗೆ ನೆರವಾಗುವ ಹೊಣೆಯನ್ನು ಹೊತ್ತವರು.

ಇದನ್ನು ಓದಿದಾಗ ನನ್ನ ಮನಸ್ಸು ಹವಾಯಿಯಲ್ಲಿ ನಿಲ್ಲದೆ ನೇರವಾಗಿ ಗದುಗಿಗೆ ಬಂದಿತು. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಸೀಮೆಯ ಒಂದು ಬಡ ಮನೆಯಲ್ಲಿ. ಹುಟ್ಟುಕುರುಡರು. ಆ ಕಾಲದಲ್ಲಿ ಕುರುಡು ಮಗುವಿನ ಮುಂದೆ ತೆರೆದಿದ್ದ ದಾರಿ ಬಹುತೇಕ ಭಿಕ್ಷೆಯೊಂದೇ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಕಣ್ಣಿಗೆ ಆ ಮಗು ಬಿದ್ದಿತು. ಅವರು ಆತನನ್ನು ಕನಿಕರದಿಂದ ನಾಲ್ಕು ತುತ್ತು ಹಾಕಿ ಕಳುಹಿಸಲಿಲ್ಲ. ಕಂಠದಲ್ಲಿದ್ದ ಸಂಪತ್ತನ್ನು ಗುರುತಿಸಿ ಸಂಗೀತ ಕಲಿಸಿದರು. ಆ ಬಾಲಕ ದೊಡ್ಡವನಾಗಿ ಮಾಡಿದ್ದೇನು? ತನ್ನಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ, ಸಂಗೀತ ಹೇಳಿಕೊಟ್ಟು, ಅವರ ಹೊಟ್ಟೆಗಾಗಿ ಸಾಲ ಮಾಡಿದರು. ಆ ಮಕ್ಕಳ ನಡುವೆ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಇನ್ನೊಬ್ಬ ಬಾಲಕನಿದ್ದ. ಆತನೇ ಪುಟ್ಟರಾಜ. 1944ರಲ್ಲಿ ಗುರು ಲಿಂಗೈಕ್ಯರಾದ ಮೇಲೆ ಶಿಷ್ಯರು ವೀರೇಶ್ವರ ಪುಣ್ಯಾಶ್ರಮದ ಭಾರವನ್ನು ಹೊತ್ತರು. ಮಕ್ಕಳ ಪ್ರಸಾದಕ್ಕಾಗಿ ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಆ ಮಕ್ಕಳ ಕೈ ಬಿಡಲಿಲ್ಲ.

ಕುರುಡುತನವೇ ಆ ಗುರುಶಿಷ್ಯರನ್ನು ದಯಾಳುಗಳನ್ನಾಗಿ ಮಾಡಿತೆಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಅದೇ ಕಾಲದಲ್ಲಿ ಅದೇ ಸೀಮೆಯಲ್ಲಿ ಕಣ್ಣಿಲ್ಲದ ಎಷ್ಟು ಮಕ್ಕಳು ಗುಡಿಯ ಮುಂದೆ ಕೈಯೊಡ್ಡಿ ಕುಳಿತು ಕಹಿಯಾಗಿ ಮುಗಿದುಹೋಗಿರಬೇಕು! ಕತ್ತಲೆ ಎಲ್ಲರಿಗೂ ಒಂದೇ ಆಗಿತ್ತು. ಅದರಲ್ಲಿ ಚಾಚಿದ ಕೈಗೆ ಇನ್ನೊಂದು ಕೈ ಸಿಕ್ಕಿದ್ದು ಕೆಲವರಿಗೆ ಮಾತ್ರ. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳ ಚರಿತ್ರೆಯನ್ನು ಬಲ್ಲವರು ಇದನ್ನು ಇನ್ನೊಮ್ಮೆ ಕಾಣುತ್ತಾರೆ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಅವರು ಎಂಟರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ಆ ಹುಡುಗನನ್ನು ಸಾಕಿದ್ದು ಅಕ್ಕ. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಮಠದ ಅಂಗಳದಲ್ಲಿ ಸಾವಿರಾರು ಮಕ್ಕಳು ತಮ್ಮ ಸ್ವಂತ ತಾಯಿಯೇ ಹೋದಂತೆ ಅತ್ತದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಅಕ್ಕನ ಹೆಸರಿನಲ್ಲಿ ಒಂದು ದತ್ತಿಯನ್ನಾದರೂ ನಾವು ಇಟ್ಟಿದ್ದೇವೆಯೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಇರಲಿ.

ಕಷ್ಟದ ಮಾತಾಯಿತು. ಸುಖದ ಬಾಲ್ಯದಿಂದ ದಯೆ ತಾನಾಗಿಯೇ ಬರುತ್ತದೆಯೇ? ಬರುವುದಾಗಿದ್ದರೆ ನಮ್ಮ ನಗರಗಳ ಬಹುಮಹಡಿ ಮನೆಗಳಲ್ಲಿ ದಯಾಸಾಗರವೇ ಉಕ್ಕಬೇಕಾಗಿತ್ತು. ಮಗುವಿಗೆ ಬೇಕಾದುದೆಲ್ಲವನ್ನೂ ಕೊಟ್ಟು, ಮಗುವಿನಿಂದ ಏನನ್ನೂ ಬೇಡದಿರುವುದು ಪ್ರೀತಿಯಲ್ಲ. ನಾನು ಚಿಕ್ಕವನಿದ್ದಾಗ ಮನೆಗೆ ಜಂಗಮರು ಬಂದರೆ ಪಾದಕ್ಕೆ ನೀರು ತರುವ ಕೆಲಸ ಮನೆಯ ಅತ್ಯಂತ ಕಿರಿಯ ಮಗುವಿನದು. ಭಿಕ್ಷುಕ ಬಾಗಿಲಿಗೆ ಬಂದರೆ ಅಜ್ಜಿ ಜೋಳವನ್ನು ತಾನು ಹಾಕದೆ ನಮ್ಮ ಬೊಗಸೆಗೆ ಸುರಿದು ಹಾಕಿಸುತ್ತಿದ್ದಳು. ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು, ಆಕೆ ಬೈಯುತ್ತಿರಲಿಲ್ಲ. ದಾಸೋಹದ ದಿನ ಉಪ್ಪು ಬಡಿಸುವುದು ಹುಡುಗರ ಪಾಲಿನ ಸೇವೆ. ಇಂದು ಅಡಿಗೆಯ ಗುತ್ತಿಗೆದಾರರು ಸಮವಸ್ತ್ರ ಧರಿಸಿ ಬಡಿಸುತ್ತಾರೆ. ಮಕ್ಕಳು ಮೊಬೈಲು ಹಿಡಿದು ಮೂಲೆಯಲ್ಲಿ ಕುಳಿತಿರುತ್ತಾರೆ.

ಹಳೆಯದನ್ನು ಹೊಗಳುವಾಗ ಮರೆಮಾಚದೆ ಇನ್ನೊಂದನ್ನೂ ಹೇಳಬೇಕು. ಅದೇ ಅಜ್ಜಿಯ ಮನೆಯ ಹಿತ್ತಲಿನ ಗೋಡೆಯ ಗೂಡಿನಲ್ಲಿ ಹೊಲದ ಆಳುಗಳಿಗೆಂದು ಬೇರೆ ತಟ್ಟೆ, ಬೇರೆ ಲೋಟಗಳಿದ್ದವು. ಅವುಗಳನ್ನು ಮುಟ್ಟಿದರೆ ಕೈ ತೊಳೆದುಕೊಳ್ಳಲು ಹೇಳುತ್ತಿದ್ದರು. ಅಣ್ಣ ಬಸವಣ್ಣನವರ ಭಾವಚಿತ್ರಕ್ಕೆ ಹೂವು ಏರಿಸಿದ ಕೈಯಿಂದಲೇ ಆ ತಟ್ಟೆಗೆ ಮೇಲಿನಿಂದ ರೊಟ್ಟಿ ಹಾಕುತ್ತಿದ್ದೆವು. ಯಾರಿಗೆ ಕರಗಬೇಕೆಂಬುದನ್ನು ಕಲಿತ ಮನೆಯಲ್ಲಿಯೇ ಯಾರಿಗೆ ಕರಗಬೇಕಾಗಿಲ್ಲವೆಂಬುದನ್ನೂ ಕಲಿತೆವು. ಯಾರೂ ಉಪದೇಶಿಸಲಿಲ್ಲ, ಗೂಡು ಉಪದೇಶಿಸಿತು.

ಇದು ನಮಗಷ್ಟೇ ಸೇರಿದ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಆಡಳಿತ ಯೆಹೂದಿಗಳನ್ನು ಕೊಲ್ಲುತ್ತಿದ್ದಾಗ, ಪ್ರಾಣದ ಹಂಗು ತೊರೆದು ಅವರನ್ನು ತಮ್ಮ ಮನೆಗಳಲ್ಲಿ ಬಚ್ಚಿಟ್ಟು ಕಾಪಾಡಿದ ಸಾಮಾನ್ಯ ಜನರಿದ್ದರು. ಪೋಲೆಂಡಿನ ಸ್ಯಾಮುಯೆಲ್ ಓಲಿನರ್ ಹಾಗೆ ಉಳಿದ ಬಾಲಕ. 1942ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಇಡೀ ಕುಟುಂಬವನ್ನು ಕಳೆದುಕೊಂಡು ಓಡಿಬಂದ ಆತನಿಗೆ ಕ್ರೈಸ್ತ ರೈತ ಮಹಿಳೆಯೊಬ್ಬಳು ಆಸರೆ ಕೊಟ್ಟಳು. ಮುಂದೆ ಅಮೆರಿಕೆಯಲ್ಲಿ ಪ್ರಾಧ್ಯಾಪಕರಾದ ಅವರು ಪತ್ನಿ ಪರ್ಲ್ ಅವರೊಡನೆ ಸೇರಿ ಇಂತಹ ರಕ್ಷಕರು 400ಕ್ಕೂ ಹೆಚ್ಚು ಮಂದಿಯನ್ನು ಸಂದರ್ಶಿಸಿದರು. ಅವರ ಗ್ರಂಥ 1988ರಲ್ಲಿ ಹೊರಬಂದಿತು. ಅದೇ ಊರುಗಳಲ್ಲಿದ್ದು ಸುಮ್ಮನಿದ್ದವರನ್ನೂ ಅವರು ಮಾತನಾಡಿಸಿದ್ದರು. ಇವರಿಗೂ ಅವರಿಗೂ ಬಾಲ್ಯದಲ್ಲಿ ವ್ಯತ್ಯಾಸವೇನು?

ಎರಡು ವಿಷಯಗಳು ಎದ್ದು ಕಂಡವು. ರಕ್ಷಕರ ತಂದೆತಾಯಿಗಳು ಮಕ್ಕಳನ್ನು ಹೊಡೆದದ್ದು ಕಡಿಮೆ, ತಿಳಿಯ ಹೇಳಿದ್ದು ಹೆಚ್ಚು. "ನೀನು ಹೀಗೆ ಮಾಡಿದ್ದರಿಂದ ಆ ಹುಡುಗನಿಗೆ ಹೇಗಾಯಿತು ನೋಡು" ಎಂಬ ರೀತಿಯ ಮಾತು ಆ ಮನೆಗಳಲ್ಲಿ ನಡೆಯುತ್ತಿತ್ತು. ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಮಾರ್ಟಿನ್ ಹಾಫ್‌ಮನ್ ಎಂಬ ವಿದ್ವಾಂಸರೂ ಇದಕ್ಕೆ ಬಹಳ ಬೆಲೆ ಕೊಟ್ಟಿದ್ದಾರೆ. ಏಟು ಬಿದ್ದಾಗ ಮಗುವಿನ ಗಮನ ತನ್ನ ಉರಿಯುವ ಕೆನ್ನೆಯ ಮೇಲೆ ನಿಲ್ಲುತ್ತದೆ, ತಿಳಿಯ ಹೇಳಿದಾಗ ತಾನು ನೋಯಿಸಿದವನ ಮುಖದ ಮೇಲೆ ನಿಲ್ಲುತ್ತದೆ. ಎರಡನೆಯದು, ನಮ್ಮವರು, ಅನ್ಯರು ಎಂಬ ಗೆರೆಯನ್ನು ಆ ಮನೆಗಳಲ್ಲಿ ಅಷ್ಟು ದಪ್ಪವಾಗಿ ಎಳೆದಿರಲಿಲ್ಲ. ತಮ್ಮ ಜಾತಿ ಮತದವರಿಗೆ ಕರಗುವವರು ಎರಡೂ ಕಡೆ ಇದ್ದರು. ಗೆರೆಯಾಚೆಯವರಿಗೂ ಕರಗಬಲ್ಲವರು ಬಾಗಿಲು ತೆರೆದರು.

ಇನ್ನು ತಂದೆಯರ ವಿಷಯ. ಮಕ್ಕಳಿಗೆ ಸಂಸ್ಕಾರ ಕಲಿಸುವುದು ತಾಯಿಯ ಕೆಲಸವೆಂದು ನಮ್ಮ ಸಭೆಗಳಲ್ಲಿ ಹೇಳಿದಾಗ ಚಪ್ಪಾಳೆ ಬೀಳುತ್ತದೆ. ಚಪ್ಪಾಳೆ ತಟ್ಟುವವರಲ್ಲಿ ಗಂಡಸರೇ ಹೆಚ್ಚು. 1951ರಲ್ಲಿ ಅಮೆರಿಕೆಯ ಬೋಸ್ಟನ್ ಪ್ರದೇಶದಲ್ಲಿ ಐದು ವರುಷದ ಮಕ್ಕಳ ತಾಯಂದಿರನ್ನು ವಿಸ್ತಾರವಾಗಿ ಪ್ರಶ್ನಿಸಿ ಬರೆದಿಟ್ಟುಕೊಂಡಿದ್ದರು. 26 ವರುಷಗಳ ತರುವಾಯ ಆ ಮಕ್ಕಳಲ್ಲಿ ಕೆಲವರನ್ನು 31ರ ವಯಸ್ಸಿನಲ್ಲಿ ಪರೀಕ್ಷಿಸಿದರು. ರಿಚರ್ಡ್ ಕೊಸ್ಟ್ನರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಆ ಫಲಿತಾಂಶದಲ್ಲಿ, ದೊಡ್ಡವರಾದಾಗ ಪರರ ಬಗ್ಗೆ ಕಾಳಜಿಯುಳ್ಳವರಾಗಿದ್ದವರ ಬಾಲ್ಯದೊಂದಿಗೆ ಎಲ್ಲಕ್ಕಿಂತ ಗಾಢವಾಗಿ ತಳಕು ಹಾಕಿಕೊಂಡಿದ್ದ ಅಂಶವೆಂದರೆ, ಐದರ ವಯಸ್ಸಿನಲ್ಲಿ ಮಗುವಿನ ಲಾಲನೆಪಾಲನೆಯಲ್ಲಿ ತಂದೆ ಕೈಜೋಡಿಸಿದ್ದುದು. ಉಪದೇಶ ಮಾಡಿದ್ದಲ್ಲ, ಶುಲ್ಕ ಕಟ್ಟಿದ್ದಲ್ಲ. ಉಣಿಸಿ, ಮೀಯಿಸಿ, ಮಲಗಿಸಿ ಜೊತೆಗಿದ್ದುದು. ತಾಯಂದಿರ ವಿಷಯದಲ್ಲಿಯೂ ಕೆಲವು ಅಂಶಗಳು ಕಂಡವು. ಮಗು ಸೆರಗು ಹಿಡಿದು ಬಂದಾಗ ಗದರದಿರುವುದು, ಮಗು ಇನ್ನೊಬ್ಬರ ಮೇಲೆ ಕೈಮಾಡಿದರೆ ಬಿಡದೆ ತಡೆಯುವುದು, ತಾಯ್ತನದಲ್ಲಿ ತನಗೇ ತೃಪ್ತಿಯಿರುವುದು. ತೃಪ್ತಿಯಿಲ್ಲದಂತೆ ದುಡಿಸಿಕೊಂಡು ತಾಯಿಯನ್ನೇ ದೂರುವ ಮನೆಗಳವರು ಈ ಕೊನೆಯ ಮಾತನ್ನು ಗಮನಿಸಬೇಕು.

ಇಷ್ಟೆಲ್ಲ ಬರೆಯುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲವೆಂಬುದನ್ನು ಇಲ್ಲಿ ನಿವೇದಿಸಿಕೊಳ್ಳಬೇಕು. 1991ರ ಬಸವ ಜಯಂತಿಯಂದು ನಮ್ಮ ಊರಿನ ವಚನ ಕಂಠಪಾಠ ಸ್ಪರ್ಧೆಯಲ್ಲಿ ನನ್ನ ಏಳು ವರುಷದ ಮಗ ನಿಂತಿದ್ದ. ದಯೆಯನ್ನು ಕುರಿತ ವಚನ. ಹದಿನೈದು ದಿನ ಉರು ಹೊಡೆಸಿದ್ದೆ. ವೇದಿಕೆಯ ಮೇಲೆ ಎರಡನೆಯ ಸಾಲಿಗೆ ಬಂದು ತಡವರಿಸಿದ, ನಿಂತೇಬಿಟ್ಟ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಸಹೋದ್ಯೋಗಿಗಳು ನಕ್ಕರು. ಪರದೆಯ ಹಿಂದೆ ಹೋಗಿ ಮಗನ ಕಿವಿ ಹಿಂಡಿ ಕೆನ್ನೆಗೆ ಬಾರಿಸಿದೆ. ತನ್ನ ಸರದಿಗಾಗಿ ಅಲ್ಲಿ ಕಾಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅವನ ಬಳಿ ಬಂದು ತನ್ನ ಅಂಗೈಯಲ್ಲಿದ್ದ ಪೆಪ್ಪರಮಿಂಟನ್ನು ಅವನ ಕೈಗೆ ತುರುಕಿದಳು. ಅದನ್ನು ಕೂಡ ಕಸಿದು ಎಸೆದೆ. ಆ ವಚನದ ಅರ್ಥವನ್ನು ಆ ದಿನ ಪರದೆಯ ಹಿಂದೆ ಬಲ್ಲವಳು ಆಕೆಯೊಬ್ಬಳೇ.

ಕೆಲವು ವರುಷಗಳ ಹಿಂದೆ ಮಗನ ಮುಂದೆ ಈ ಮಾತನ್ನೆತ್ತಿ ತಪ್ಪಾಯಿತೆಂದೆ. ಆತ ನಕ್ಕು, "ನನಗೆ ನೆನಪೇ ಇಲ್ಲಪ್ಪ" ಎಂದ. ನನಗೆ ಹಗುರವಾಯಿತು. ಆದರೆ ಸೊಸೆ ಬೇರೊಂದು ದಿನ ಹೇಳಿದಳು, ಮೊಮ್ಮಗಳ ಶಾಲೆಯ ಯಾವ ಕಾರ್ಯಕ್ರಮಕ್ಕೂ ಆತ ಒಳಗೆ ಬಂದು ಕುಳಿತುಕೊಳ್ಳುವುದಿಲ್ಲವಂತೆ. ಅವಳ ಸರದಿ ಮುಗಿಯುವವರೆಗೂ ಹೊರಗೆ ಸ್ಕೂಟರಿನ ಬಳಿ ನಿಂತಿರುತ್ತಾನಂತೆ.

ನೆನಪಿಲ್ಲವೆಂಬ ಈ ಮಾತೇ ಪತ್ರ ಬರೆದ ಸಹೋದರಿಯ ಪ್ರಶ್ನೆಗೆ ನನ್ನನ್ನು ಕೊಂಡೊಯ್ಯಿತು. ಸೆಲ್ಮಾ ಫ್ರೈಬರ್ಗ್ ಎಂಬ ಅಮೆರಿಕೆಯ ಚಿಕಿತ್ಸಕಿ ತಮ್ಮ ಸಂಗಡಿಗರೊಡನೆ 1975ರಲ್ಲಿ ಒಂದು ಲೇಖನ ಬರೆದರು. ತಾವು ಬಾಲ್ಯದಲ್ಲಿ ಪಟ್ಟ ಪಾಡನ್ನೇ ತಮ್ಮ ಶಿಶುಗಳಿಗೂ ಕೊಡುತ್ತಿದ್ದ ತಾಯಂದಿರನ್ನು ಅವರು ಬಹಳ ಹತ್ತಿರದಿಂದ ಕಂಡಿದ್ದರು. ಹಾಗೆ ಕೊಡದ ತಾಯಂದಿರನ್ನೂ ಕಂಡಿದ್ದರು. ವ್ಯತ್ಯಾಸ ಏಟಿನ ಪ್ರಮಾಣದಲ್ಲಿರಲಿಲ್ಲ. ಪುನರಾವರ್ತಿಸುವವರಿಗೆ ಘಟನೆಗಳು ನೆನಪಿದ್ದವು. ಎಷ್ಟು ಏಟು, ಯಾವ ಕೋಲು, ಯಾವ ದಿನ ಎಂಬುದೆಲ್ಲ ಬಾಯಿಗೆ ಬರುತ್ತಿತ್ತು. ಆ ಗಳಿಗೆಯಲ್ಲಿ ಆ ಮಗುವಿಗೆ ಆದ ಭಯ, ಅವಮಾನ, ಒಂಟಿತನ ಮಾತ್ರ ನೆನಪಿನಿಂದ ಹೊರಗೆ ಉಳಿದಿದ್ದವು. ಆ ನೋವನ್ನು ನೋವಾಗಿಯೇ ನೆನೆದು ಅಳಬಲ್ಲವರು ತಮ್ಮ ಮಗುವಿನ ಮೇಲೆ ಅದನ್ನು ಹೇರುತ್ತಿರಲಿಲ್ಲ.

"ಹತ್ತು ಪಾಲು ತಿಂದು ಬೆಳೆದೆ, ಅದರಿಂದಲೇ ಮನುಷ್ಯನಾದೆ" ಎಂಬ ಮಾತನ್ನು ಈಗ ಮತ್ತೊಮ್ಮೆ ಕೇಳಿ. ಇದರಲ್ಲಿ ಏಟಿನ ಲೆಕ್ಕವಿದೆ, ಏಟು ತಿಂದ ಹುಡುಗನಿಲ್ಲ. ತನ್ನೊಳಗೆ ಅಳುತ್ತಿರುವ ಹುಡುಗನನ್ನು ಬಾಯಿ ಮುಚ್ಚಿಸಿ ಇಟ್ಟವರಿಗೆ ಹೊರಗೆ ಅಳುವ ಮಗು ಸಹನೆಯಾಗುವುದಿಲ್ಲ. ತಮ್ಮನಿಗೆ ಅಳಲು ಒಂದು ಸೆರಗು ಸಿಕ್ಕಿತ್ತು. ಅಣ್ಣನಿಗೆ ಸಿಕ್ಕಿತ್ತೋ ಇಲ್ಲವೋ.

ಆ ಸಹೋದರಿಗೆ ನಾನು ಪ್ರತ್ಯೇಕವಾಗಿ ಉತ್ತರ ಬರೆದೆ. ಪತಿಯೊಡನೆ ವಾದಿಸಬೇಡಿ, ಅಧ್ಯಯನಗಳ ಮಾತೆತ್ತಬೇಡಿ. ಏಟು ಬೀಳುವ ಗಳಿಗೆಯಲ್ಲಿ ಮಾತ್ರ ಮಗುವನ್ನು ಎತ್ತಿಕೊಂಡು ಆಚೆ ಹೋಗಿ. ಗಾಯವಾಗುವ ಮಟ್ಟಕ್ಕೆ ಹೋದರೆ ಮನೆತನದ ಮಾನವೆಂದು ಮುಚ್ಚಿಡದೆ ಹಿರಿಯರನ್ನು ಕರೆಯಿರಿ, ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ. ಏಟು ತಿಂದ ರಾತ್ರಿ ಮಗನ ಬಳಿ ಕುಳಿತು, ನೋವಾಯಿತೇ ಎಂದು ಕೇಳಿ, ಆಯಿತೆಂದರೆ ಆಯಿತೆಂದು ಒಪ್ಪಿಕೊಳ್ಳಿ. ತಂದೆಯನ್ನು ದೂರಬೇಡಿ, ನೋವನ್ನು ಅಲ್ಲಗಳೆಯಲೂ ಬೇಡಿ. ಇನ್ನೊಂದು, ಪತಿ ಸಮಾಧಾನದಿಂದಿರುವ ಒಂದು ಸಂಜೆ, ಏಟಿನ ವಿಷಯ ಬಿಟ್ಟು, ಆ ಪಕ್ಕದ ಮನೆಯ ಅಜ್ಜಿಯ ವಿಷಯ ಕೇಳಿ.

ಕಳೆದ ವಾರ ಅವರಿಂದ ಒಂದು ಕಾರ್ಡು ಬಂದಿದೆ. ಅಜ್ಜಿಯ ಮಾತೆತ್ತಿದೊಡನೆ ಪತಿ ಊಟದ ನಡುವೆಯೇ ಕೈ ತೊಳೆದುಕೊಂಡು ಹೊರಗೆ ಹೋದರಂತೆ. ಬಹಳ ಹೊತ್ತಾದ ಮೇಲೆ ಬಂದು ಮಲಗಿದರಂತೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ತಾವಾಗಿಯೇ ಹೇಳಿದರಂತೆ: ಅಜ್ಜಿ ಒಂದು ಸಲ ಅವರನ್ನೂ ಬಾಗಿಲಲ್ಲಿ ನಿಂತು ಕರೆದಿದ್ದಳು, ರೊಟ್ಟಿ ಕೈಯಲ್ಲಿ ಹಿಡಿದಿದ್ದಳು. ದೊಡ್ಡವನಾದ ನಾನು ಹೋಗಿ ಅತ್ತರೆ ನಗುತ್ತಾರೆಂದು ನಾಚಿಕೆಯಾಗಿ ಇವರು ಹೋಗಲಿಲ್ಲ. ಆಗ ಅವರಿಗೆ ಒಂಬತ್ತು ವರುಷ.